ಕಿಸೆಯಲ್ಲಿರುವ ಫೋನೇ ಸಾಕು



ಊರಿಗೆ ಬಂದಾಗಲೆಲ್ಲ ನನಗೆ ಒಂದೇ ಪ್ರಶ್ನೆ. ನಿನ್ನೆ ಭಾಲ್ಕಿ ಬಸ್ ನಿಲ್ದಾಣದಲ್ಲಿ ಔರಾದ್ ಕಡೆಯ ಕಾಕಾ ಒಬ್ಬರು ಕೇಳಿದರು: "ಮಗಳು ಹತ್ತನೇದ್ದಾಗ ಅದಾಳ. ಬೀದರ್‌ನಾಗ ಟ್ಯಾಬ್ ನೋಡಿ ಬಂದೀನಿ. ಕೊಡಿಸಲೇನು ತಮ್ಮಾ?" ಕಿಸೆಯಲ್ಲಿರುವ ಫೋನೇ ಸಾಕು ಎಂದೆ. ಎಂಜಿನಿಯರ್ ಆದವನು ಇಷ್ಟು ಅಗ್ಗದ ಉತ್ತರ ಕೊಡುವುದೇ ಎಂಬಂತೆ ನೋಡಿದರು.

ಅವರ ವಾಟ್ಸ್‌ಆ್ಯಪ್‌ಗೆ ಬೆಳಿಗ್ಗೆ 'ಬಸವಣ್ಣನವರ ವಚನ' ಒಂದು ಬಂದಿತ್ತು. ಅದರ ಒಂದು ಪದವನ್ನು 'ವಚನ ಸಂಚಯ' ಜಾಲತಾಣದಲ್ಲಿ ಹಾಕಿ ಹುಡುಕಿದೆವು. ಅಲ್ಲಿ 20,000ಕ್ಕೂ ಹೆಚ್ಚು ವಚನಗಳಿವೆ; ಇದು ಮಾತ್ರ ಸಿಗಲಿಲ್ಲ. ಕೂಡಲಸಂಗಮದೇವ ಎಂಬ ಅಂಕಿತವೂ ಇರಲಿಲ್ಲ. "ಬಸವಕಲ್ಯಾಣದ ಮಗ್ಗಲದಾಗ ಇದ್ದು ಮೋಸ ಹೋದೆನಲ್ಲ!" ಎಂದು ಕಾಕಾ ನಕ್ಕರು. ಅಲ್ಲಿ ಸಿಗದ್ದೆಲ್ಲ ಸುಳ್ಳೆಂದಲ್ಲ. ಆದರೆ ಕನ್ನಡ ಗುರುಗಳನ್ನು ಕೇಳದೆ ಅಂಥದ್ದನ್ನು ಮುಂದಕ್ಕೆ ಕಳಿಸಬಾರದು.

ನಮ್ಮ ಕಾಲಕ್ಕೆ ನಿಘಂಟು ಬೇಕೆಂದರೆ ಅಲಮಾರಿಯ ಕೀಲಿ ಇದ್ದ ಸರ್ ಬರುವತನಕ ಕಾಯಬೇಕಿತ್ತು. ವಿ. ಕೃಷ್ಣ ಅವರು ದಶಕಗಟ್ಟಲೆ ಕೂತು ಕಟ್ಟಿದ 'ಅಲರ್' ಕನ್ನಡ–ಇಂಗ್ಲಿಷ್ ನಿಘಂಟು 2019ರಿಂದ ಅಂತರ್ಜಾಲದಲ್ಲಿದೆ. ಒಂದೂವರೆ ಲಕ್ಷ ಪದ, ದುಡ್ಡಿಲ್ಲ, ಕೀಲಿಯಿಲ್ಲ.

ನಿಜಾಮರ ಕಾಲದಲ್ಲಿ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರು. ನಮ್ಮ ಫೋನಿನ ಹೊರಗೆಲ್ಲ ಇಂಗ್ಲಿಷೇ ಇದೆ, ಇರಲಿ. ಒಳಗೆ ಕನ್ನಡ ಕೀಲಿಮಣೆ ಹಾಕಲು ಎರಡು ನಿಮಿಷ ಸಾಕು. ಊಟವಾದ ಮೇಲೆ ಆ ಬೇವಿನ ಗಿಡದ ಕೆಳಗೆ ಕೂತಿರುತ್ತೇನೆ. ಫೋನ್ ತನ್ನಿ, ಹಾಕಿಕೊಡುತ್ತೇನೆ.