ಡಬ್ಬಿ ಟಿವಿಯ ಮುಂದೆ

ಹರಿಹರದ ನಮ್ಮ ಮನೆಯಲ್ಲಿ ಡಬ್ಬಿ ಟಿವಿ ಇನ್ನೂ ಇದೆ. ಮೊನ್ನೆ ದಾವಣಗೆರೆಯಲ್ಲಿ ಮಗನ ಮನೆಯ ಗೋಡೆಯಗಲದ ಪರದೆಯಲ್ಲಿ ‘ಮಾಲ್ಗುಡಿ ಡೇಸ್’ ನೋಡಿದೆ. ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದ ಆ ಧಾರಾವಾಹಿ 4:3 ಅಳತೆಯದು. 16:9ರ ಪರದೆ ತುಂಬಲೆಂದು ಎಳೆದಿದ್ದರಿಂದ ಪುಟ್ಟ ಸ್ವಾಮಿಯ ಮುಖ ರೊಟ್ಟಿ ತಟ್ಟಿದಂತೆ ಅಗಲವಾಗಿತ್ತು. ನನಗೆ ಸಂಕಟವಾಯಿತು. ಡಬ್ಬಿಯಲ್ಲಿ 625 ಗೆರೆಗಳಷ್ಟೇ. ಆದರೆ ಅವು ಒಂದರೊಳಗೊಂದು ಮೆತ್ತಗೆ ಬೆರೆತು ಮುಖಗಳಿಗೆ ಜೀವ ಬರುತ್ತಿತ್ತು. ಅದೇ ನನಗಿಷ್ಟ.

1988ರ ಭಾನುವಾರಗಳು ನೆನಪಾಗುತ್ತವೆ. ಬೆಳಿಗ್ಗೆ ‘ರಾಮಾಯಣ’ಕ್ಕೆ ಓಣಿಯವರೆಲ್ಲ ನಮ್ಮ ಪಡಸಾಲೆಯಲ್ಲಿ. ಟಿವಿಗೆ ಅಜ್ಜಿ ಕುಂಕುಮ ಹಚ್ಚಿ ಊದುಬತ್ತಿ ಬೆಳಗುತ್ತಿದ್ದಳು. ಮಾಳಿಗೆಯ ಮೇಲೆ ಅಣ್ಣ ಆಂಟೆನಾ ತಿರುಗಿಸುತ್ತಾ, “ಬಂತೇನ್ರೋ?” ಅಂತ ಕೂಗುತ್ತಿದ್ದ. ಕೆಳಗಿನಿಂದ ಇಡೀ ಓಣಿ ಒಂದೇ ದನಿಯಲ್ಲಿ, “ಬಂತು, ಬಂತು, ಹಂಗೇ ಬಿಡು!”