ಅಕ್ಷರ ತಿದ್ದಿಸಿದ ಮುಂಬಯಿಯ ಮೇಷ್ಟ್ರು



ನಮ್ಮ ಮುಂಬಯಿಯಲ್ಲೇ ಇದ್ದು ಕನ್ನಡಕ್ಕೆ ದೊಡ್ಡ ಉಪಕಾರ ಮಾಡಿದ ಒಬ್ಬ ಮರಾಠಿ ಮೇಷ್ಟ್ರ ಬಗ್ಗೆ ಇವತ್ತು ನಾಲ್ಕು ಮಾತು ಹೇಳುತ್ತೇನೆ. ಅವರು ರಘುನಾಥ ಕೃಷ್ಣ ಜೋಶಿ. ಆರ್. ಕೆ. ಜೋಶಿ ಎಂದೇ ಪರಿಚಿತರು. ಜಾಹೀರಾತು ಕ್ಷೇತ್ರದಲ್ಲಿ ದುಡಿದ ಕಲಾವಿದ, ಕವಿ, ಕ್ಯಾಲಿಗ್ರಫಿಯಲ್ಲಿ ಪಳಗಿದ ಕೈ. ಸರ್ ಜೆ. ಜೆ. ಅಪ್ಲೈಡ್ ಆರ್ಟ್ ಸಂಸ್ಥೆಯಲ್ಲಿ ಕಲಿಸಿದರು. 1983ರಿಂದ 1996ರವರೆಗೆ ಪೊವಾಯಿಯ ಐಐಟಿಯಲ್ಲಿ ಡಿಸೈನ್ ಪ್ರಾಧ್ಯಾಪಕರಾಗಿದ್ದರು. 2008ರಲ್ಲಿ ತೀರಿಕೊಂಡರು.

ಮೇಷ್ಟ್ರುಗಳ ಪಾಠ ಸಾಮಾನ್ಯವಾಗಿ ಪುಸ್ತಕವಾಗುತ್ತದೆ. ಇವರ ವಿದ್ಯೆ ನಮ್ಮ ಕಂಪ್ಯೂಟರಿನೊಳಗೇ ಬಂತು. ಸಿ-ಡ್ಯಾಕ್ ಸಂಸ್ಥೆಯಲ್ಲಿದ್ದಾಗ ಅವರ ನಿರ್ದೇಶನದಲ್ಲಿ ಮೈಕ್ರೋಸಾಫ್ಟ್‌ಗಾಗಿ ಭಾರತೀಯ ಲಿಪಿಗಳ ಫಾಂಟುಗಳು ತಯಾರಾದವು. ಹಿಂದಿ, ಮರಾಠಿಗೆ 'ಮಂಗಲ್'. ನಮಗೆ 'ತುಂಗಾ'. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ನಮ್ಮಲ್ಲಿ ಎಷ್ಟೋ ಜನ ಮೊದಲು ಕಂಡ ಕನ್ನಡ ಅದೇ.

ಇದರಲ್ಲಿ ಏನು ಕಷ್ಟ ಎಂದು ಕೇಳಬಹುದು. 'ಸ್ತ್ರೀ' ಎಂದು ಟೈಪ್ ಮಾಡಿ ನೋಡಿ. ಸ, ತ, ರ ಆದ ಮೇಲೆ ಕೊನೆಗೆ ಒತ್ತುವುದು ಈಕಾರ. ಆದರೆ ಅದರ ಗುಡಿಸು ಹೋಗಿ ಕೂರುವುದು ಮೊದಲನೆಯ ಸಕಾರದ ತಲೆಯ ಮೇಲೆ. ಆಗ ಸಕಾರದ ತಲೆಕಟ್ಟು ಬಿಡಬೇಕು, ತ ಮತ್ತು ರ ಒತ್ತಾಗಿ ಕೆಳಗಿಳಿಯಬೇಕು, ದೀರ್ಘ ಪಕ್ಕಕ್ಕೆ ಬರಬೇಕು. ಸಾಫ್ಟ್‌ವೇರ್ ಕೆಲಸದಲ್ಲಿರುವ ನಾನು ಹೇಳುತ್ತೇನೆ, ಈ ನಿಯಮಗಳನ್ನು ಕೋಡಿನಲ್ಲಿ ಬರೆಯಬಹುದು. ಒತ್ತು ಎಷ್ಟು ಚಿಕ್ಕದಿರಬೇಕು, ದುಂಡು ಎಲ್ಲಿ ತಿರುಗಬೇಕು ಎನ್ನುವುದನ್ನು ಮಾತ್ರ ಬರೆದು ಬರೆದು ಪಳಗಿದ ಕೈಯೇ ಹೇಳಬೇಕು.

ಈಗ ನಮ್ಮ ಮನೆಗಳಿಗೆ ಬರೋಣ. ನಮ್ಮ ಮಕ್ಕಳು ಕನ್ನಡ ಮಾತಾಡುತ್ತಾರೆ. ಅಜ್ಜಿಗೆ ಮೆಸೇಜ್ ಕಳಿಸುವುದು ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ. ಇನ್ನೊಂದು ತಲೆಮಾರು ಹೀಗೇ ಹೋದರೆ ಅಜ್ಜಿ ಬರೆದಿಟ್ಟ ಕಾಗದ ಓದುವವರು ಮನೆಯಲ್ಲಿ ಯಾರೂ ಇರುವುದಿಲ್ಲ.

ಅದಕ್ಕೆ ನನ್ನದೊಂದು ಸಲಹೆ. ಸಂಘದ ಕನ್ನಡ ತರಗತಿಯಲ್ಲಿ ಮೊದಲ ತಿಂಗಳು ಕಾಪಿ ಪುಸ್ತಕ ಬೇಡ. ಗೆರೆಯಿಲ್ಲದ ದೊಡ್ಡ ಹಾಳೆ, ಬ್ರಷ್ಷು, ಬಣ್ಣ ಕೊಡೋಣ. ರಂಗೋಲಿ ಹಾಕುವ ಕೈಗಳು ನಮ್ಮಲ್ಲಿ ಬೇಕಾದಷ್ಟಿವೆ, ನಾವೇ ಕಲಿಸೋಣ. ಮಗು 'ಅ' ಅಕ್ಷರವನ್ನು ಚಿತ್ರದಂತೆ ಬರೆಯಲಿ. ಚೆನ್ನಾಗಿ ಬಂದರೆ ತಾನಾಗಿ 'ಆ' ಕೇಳುತ್ತದೆ.

ಬರುವ ಭಾನುವಾರದಿಂದ ಶುರು ಮಾಡಲು ಇಬ್ಬರು ಮುಂದೆ ಬಂದರೆ, ಮೂರನೆಯವಳು ನಾನು.