ರದ್ದಿಯ ಲೆಕ್ಕ
(ಶೆಟ್ಟಿಹಳ್ಳಿಯಲ್ಲಿ ಮಾಡಿದ ಅಧ್ಯಕ್ಷ ಭಾಷಣ)



ಅಧ್ಯಕ್ಷ ಪೀಠದಲ್ಲಿ ಕೂತವರು ನಾಡುನುಡಿಯ ಮಾತಾಡುವುದು ರೂಢಿ. ನಾನು ಆ ನುಡಿಯನ್ನು ಹೊರುವ ಕಾಗದದ ಮಾತಾಡುತ್ತೇನೆ. ಮನ್ನಿಸಿ.

ಹೇಮಾವತಿಯ ಹಿನ್ನೀರು ಏರಿದಾಗ ಇಲ್ಲಿಯ ಹಳೇ ಚರ್ಚು ಮುಳುಗುತ್ತದೆ. ಇಳಿದಾಗ ಗೋಡೆಗಳು ಮತ್ತೆ ಮೇಲೇಳುತ್ತವೆ. ಕಾಗದದ ಬಾಳೂ ಹಾಗೆಯೇ. ಹಳೇ ಪೇಪರು, ರಟ್ಟಿನ ಡಬ್ಬ ಗುಜರಿ ಅಂಗಡಿಯ ತಕ್ಕಡಿ ಹತ್ತುತ್ತವೆ. ಕಾರ್ಖಾನೆಯ ತೊಟ್ಟಿಯಲ್ಲಿ ನೆನೆದು, ಪಿನ್ನು ಟೇಪು ಕಳಚಿಕೊಂಡು, ಗಂಜಿಯಾಗಿ, ಮತ್ತೆ ಹಾಳೆಯಾಗಿ ಏಳುತ್ತವೆ. ಆದರೆ ಸಲಸಲಕ್ಕೂ ನಾರು ಗಿಡ್ಡವಾಗುತ್ತದೆ. ಐದಾರು ಜನ್ಮ ಕಳೆದ ಮೇಲೆ ಹೊಸ ಮರದ ನಾರು ಬೆರೆಸದೆ ವಿಧಿಯಿಲ್ಲ.

ಈ ರದ್ದಿಯನ್ನೇ ಹಿಡಿದು ಎರಡು ದೇಶಗಳನ್ನು ತೂಗೋಣ: ಕಾಗದ ಕಂಡುಹಿಡಿದ ಚೀನಾ, ಮತ್ತು ನಾವು.

ಚೀನಾದ ಸರಕನ್ನು ಅಮೆರಿಕದಲ್ಲಿ ಇಳಿಸಿದ ಹಡಗುಗಳು ಖಾಲಿ ಮರಳುತ್ತಿದ್ದವು. 1990ರಲ್ಲಿ ಝಾಂಗ್ ಯಿನ್ ಎಂಬ ಹೆಣ್ಣುಮಗಳು ಅಮೆರಿಕದ ರದ್ದಿಯನ್ನು ಅಗ್ಗದ ಬಾಡಿಗೆಗೆ ಆ ಹಡಗುಗಳ ಖಾಲಿ ಕಂಟೇನರುಗಳಲ್ಲಿ ತುಂಬಿ ತಮ್ಮ ದೇಶ ಚೀನಾಕ್ಕೆ ಕಳಿಸತೊಡಗಿದರು. 1995ರಲ್ಲಿ ನೈನ್ ಡ್ರಾಗನ್ಸ್ ಕಂಪನಿ ಕಟ್ಟಿ ಆ ರದ್ದಿಯಿಂದ ರಟ್ಟು ಮಾಡಿದರು. ಅದೇ ರಟ್ಟಿನ ಪೆಟ್ಟಿಗೆಯೊಳಗೆ ಚೀನಾದ ಸರಕು ಮತ್ತೆ ಅಮೆರಿಕಕ್ಕೆ ಹೋಯಿತು. ಕೈಗಾರಿಕೆ ಬಲಿತ ಮೇಲೆ, ಊರವರ ಕಸ ನಮ್ಮ ಅಂಗಳಕ್ಕೆ ಬೇಡವೆಂದು ಚೀನಾ 2018ರಲ್ಲಿ ಬೆರಕೆ ರದ್ದಿಯನ್ನು ತಡೆಯಿತು; 2021ರ ಜನವರಿಯಿಂದ ಹೊರಗಿನ ರದ್ದಿಗೆ ಪೂರ್ತಿ ಬಾಗಿಲು ಹಾಕಿತು.

ಇನ್ನು ನಮ್ಮದು. 1936ರಲ್ಲಿ ಭದ್ರಾವತಿಯಲ್ಲಿ ಹುಟ್ಟಿದ ಮೈಸೂರು ಪೇಪರ್ ಮಿಲ್ಸ್ ಎರಡು ತಲೆಮಾರಿಗೆ ಅನ್ನ ಕೊಟ್ಟು, ಸುಮಾರು 2015ರ ಹೊತ್ತಿಗೆ ಉಸಿರು ನಿಲ್ಲಿಸಿತು. ಕಾಗದಕ್ಕೆಂದು ಹೊಲಹೊಲಕ್ಕೂ ನೀಲಗಿರಿ ನೆಟ್ಟೆವು. ಅದು ಅಂತರ್ಜಲ ಕುಡಿಯುತ್ತದೆಂದು 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೆಡುವುದನ್ನು ನಿಷೇಧಿಸಿತು. ರದ್ದಿಗೆ ಬಾಗಿಲು ಮುಚ್ಚಿದ ಚೀನಾ ಹೊರಗಿನಿಂದ ಕಾಗದವನ್ನೇ ಕೊಳ್ಳತೊಡಗಿದಾಗ ನಮ್ಮ ವ್ಯಾಪಾರಕ್ಕೆ ಒಂದು ಸುಗ್ಗಿ ಬಂತು: 2021-22ರಲ್ಲಿ ಭಾರತದ ಕಾಗದ ರಫ್ತು ಸುಮಾರು 14 ಸಾವಿರ ಕೋಟಿ ರೂಪಾಯಿ ಮುಟ್ಟಿತು. ಸುಗ್ಗಿ ಬಾಳಲಿಲ್ಲ. 2023-24ರಲ್ಲಿ ನಮ್ಮ ಕಾಗದ, ರಟ್ಟಿನ ಆಮದು 19 ಲಕ್ಷ ಟನ್ ದಾಟಿತು. ಚೀನಾದಿಂದ ಬರುವುದೂ ಏರಿತು. ಅದರ ಮೇಲೆ, ನಮ್ಮ ಕಾರ್ಖಾನೆಗಳು ಇಂದಿಗೂ ಪರದೇಶದ ರದ್ದಿಯನ್ನು ಡಾಲರು ಕೊಟ್ಟು ತರುತ್ತಿವೆ.

ಇದಕ್ಕೆ ಚೀನಾವನ್ನು ಬೈದು ಫಲವಿಲ್ಲ. ಮರ ನೆಡಲು ನೀರಿಲ್ಲದ ನಾಡಿಗೆ ಉಳಿದಿರುವ ಕಾಡು ರದ್ದಿಯೊಂದೇ. ಆ ಕಾಡನ್ನು ನಾವು ಹಳಸಿದ ಸಾರಿನ ಜೊತೆ ತಿಪ್ಪೆಗೆ ಸುರಿಯುತ್ತಿದ್ದೇವೆ. ನೆಂದು ಜಿಡ್ಡು ಹಿಡಿದ ಕಾಗದವನ್ನು ಯಾವ ಗುಜರಿಯವನೂ ಮುಟ್ಟುವುದಿಲ್ಲ.

ನಮ್ಮ ಹಿರಿಯರು ಬಟ್ಟೆಗೆ ಹುಣಸೆಬೀಜದ ಸರಿ, ಇದ್ದಿಲ ಪುಡಿ ಬಳಿದು ಕಡತ ಮಾಡುತ್ತಿದ್ದರು. ಬಳಪದಲ್ಲಿ ಬರೆದು, ಬೇಡವಾದಾಗ ಅಳಿಸಿ, ಮತ್ತೆ ಸರಿ ಬಳಿದು ಬರೆಯುತ್ತಿದ್ದರು. ಕಚೇರಿಯಲ್ಲಿ ಕಡತ ಎಂಬ ಹೆಸರು ಉಳಿದಿದೆ. ಆ ಜಿಪುಣತನವೂ ಉಳಿಯಬೇಕಿತ್ತು.

ಕೊನೆಗೊಂದು ವಿನಂತಿ. ಪೆಂಡಾಲಿನ ಬಾಗಿಲಲ್ಲಿ ಗೋಣಿಚೀಲ ಇಡಿಸಿದ್ದೇನೆ. ಊಟಕ್ಕೆ ಹೋಗುವ ಮುನ್ನ ನಿಮ್ಮ ಕೈಯಲ್ಲಿರುವ ಆಮಂತ್ರಣ ಪತ್ರಿಕೆಯನ್ನು ಅದರಲ್ಲಿ ಹಾಕಿ. ಎಲೆಯ ಜೊತೆ ಎಸೆಯಬೇಡಿ.